ಮಾಯಾ ಪಾಠಕ್ಕೆ ತರಗತಿಯಲ್ಲೇ ಅಡುಗೆ: ಮೆಕ್ಕೆಜೋಳ, ಸುಣ್ಣ, ಕೋಕೋ

"ಮಗಳ ಕ್ಲಾಸಿನಲ್ಲಿ ಮಾಯಾ ನಾಗರಿಕತೆ ಪಾಠ ಇದೆ, ಏನಾದರೂ ಅಡುಗೆ ಮಾಡಿಕೊಂಡು ಬನ್ನಿ ಅಂದಿದ್ದಾರೆ, ಏನು ಮಾಡಲಿ?" ಈ ಪ್ರಶ್ನೆ ಇಂಗ್ಲೆಂಡಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಂದ ಪದೇ ಪದೇ ಬರುತ್ತದೆ. ಅಲ್ಲಿನ ಪ್ರಾಥಮಿಕ ಶಾಲೆಯ ಇತಿಹಾಸದಲ್ಲಿ ಯುರೋಪಿನ ಹೊರಗಿನ ಒಂದು ಸಮಾಜವನ್ನು ಓದಬೇಕು. ಬಾಗ್ದಾದ್ (ಮೊದಲ ಕಾಲದ ಇಸ್ಲಾಮಿಕ್ ನಾಗರಿಕತೆ), ಬೆನಿನ್ (ಪಶ್ಚಿಮ ಆಫ್ರಿಕಾದ ಹಳೆಯ ರಾಜ್ಯ), ಮಾಯಾ ಈ ಮೂರರಲ್ಲಿ ಒಂದನ್ನು ಶಾಲೆ ಆರಿಸಿಕೊಳ್ಳುತ್ತದೆ. ಬೆಂಗಳೂರಿನ ಕೆಲವು ಶಿಕ್ಷಕರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಎಲ್ಲ ಬರೆದಿಡುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಚಿಪ್ಸ್ ಮೇಲೆ ಚೀಸ್ ಸುರಿದು "ಇದು ಮಾಯಾ ಊಟ" ಅಂತ ಹಂಚಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ಪಾಠ ಆಗುವುದಿಲ್ಲ. ಆ ಕಾಲದ ಮಾಯಾ ಜನರ ಬಳಿ ಹಸು ಇರಲಿಲ್ಲ, ಹಾಲಿರಲಿಲ್ಲ, ಚೀಸ್ ಎಲ್ಲಿಂದ ಬರಬೇಕು? ಪ್ರತಿ ತಿನಿಸಿನ ಜೊತೆಗೂ "ಅವರು ಇದನ್ನು ತಿಂದರು ಅಂತ ನಮಗೆ ಹೇಗೆ ಗೊತ್ತು?" ಅನ್ನುವ ಪ್ರಶ್ನೆ ಇರಬೇಕು. ಅದೊಂದನ್ನು ಬಿಡಬೇಡಿ. ರುಚಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ನಿಮಗೆ ಬೇಕಾಗುವಷ್ಟು ಹಿನ್ನೆಲೆ

ಮಾಯಾ ಜನರ ನೆಲ ಅಂದರೆ ಮೆಕ್ಸಿಕೋದ ಯುಕಾತಾನ್ ಮತ್ತು ಚಿಯಾಪಾಸ್, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರಿನ ಪಶ್ಚಿಮ ಭಾಗ. ತಿಕಾಲ್, ಪಲೆಂಕೆ, ಕೊಪಾನ್, ಕಲಾಕ್ಮುಲ್ ಇವು ಅವರ ದೊಡ್ಡ ನಗರಗಳು. ಸುಮಾರು ಕ್ರಿ.ಶ. 250ರಿಂದ 900ರವರೆಗಿನ ಕಾಲವನ್ನು "ಕ್ಲಾಸಿಕ್ ಕಾಲ" ಅನ್ನುತ್ತಾರೆ. ಈ ಲೇಖನದಲ್ಲಿ ಹೆಚ್ಚಾಗಿ ಹೇಳುವುದು ಆ ಕಾಲದ ಅಡುಗೆಯನ್ನೇ.

ಮಾಯಾ, ಆಸ್ಟೆಕ್, ಇಂಕಾ ಮೂರನ್ನೂ ಕಲಸುಮೇಲೋಗರ ಮಾಡಬೇಡಿ. ಆಸ್ಟೆಕ್ ಜನ ನಡು ಮೆಕ್ಸಿಕೋದವರು, ಬಹಳ ನಂತರದವರು. ಇಂಕಾ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳವರು.

ಮನೆಯಲ್ಲೇ ಮುಗಿಸಬೇಕಾದ ತಯಾರಿ

ಒಂದು ವಾರ ಮೊದಲು ಶಾಲೆಯ ಅನುಮತಿ ಪಡೆಯಿರಿ. ಯಾವ ಮಗುವಿಗೆ ಯಾವುದು ಒಗ್ಗುವುದಿಲ್ಲ ಅಂತ ಬರವಣಿಗೆಯಲ್ಲೇ ಕೇಳಿ ತರಿಸಿಕೊಳ್ಳಿ. ನಾನು ಇಲ್ಲಿ ಹೇಳುವ ಅಡುಗೆಯಲ್ಲಿ ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ ಯಾವುದೂ ಇಲ್ಲ. ಆದರೂ ಕೋಕೋ ಪುಡಿಯ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ. ಎಷ್ಟೋ ಸಲ ಹಾಲು, ಬಾದಾಮಿ ಮುಟ್ಟಿದ ಯಂತ್ರದಲ್ಲೇ ಅದನ್ನೂ ಪುಡಿ ಮಾಡಿರುತ್ತಾರೆ.

ಸಾಮಾನು ಇಷ್ಟು:

- ಒಣ ಮೆಕ್ಕೆಜೋಳದ ಕಾಳು, ಅರ್ಧ ಕೆಜಿ
- ಅಡುಗೆಗೆ ಬಳಸುವ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸಣ್ಣ ಪೊಟ್ಟಣ
- ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, 1 ಕೆಜಿ (ಆನ್‌ಲೈನ್‌ನಲ್ಲಿ ಸಿಗುತ್ತದೆ)
- ರಾಜ್ಮಾ, ಸಿಹಿಗುಂಬಳ, ಒಣಮೆಣಸಿನಕಾಯಿ, ಉಪ್ಪು
- ಸಕ್ಕರೆ ಇಲ್ಲದ ಕೋಕೋ ಪುಡಿ, ಸ್ವಲ್ಪ ಜೇನುತುಪ್ಪ
- ಮೆಕ್ಕೆಜೋಳದ ತೆನೆಯ ಸಿಪ್ಪೆ, ಇಡ್ಲಿ ಪಾತ್ರೆ, ಒಂದು ಚಿಟಿಕೆ ಅರಿಶಿನ

ಇಲ್ಲಿ ಜನ ಎಡವುವ ಜಾಗ ಮೂರು. ಕಾರ್ನ್‌ಫ್ಲೋರ್ ತರಬೇಡಿ. ಅದು ಬರೀ ಪಿಷ್ಟ, ಸೂಪ್ ಗಟ್ಟಿ ಮಾಡಲು ಹಾಕುವ ಬಿಳಿ ಪುಡಿ. ಸ್ವೀಟ್‌ಕಾರ್ನ್ ಕೂಡ ಬೇಡ, ಅದು ಎಳೆಯದಾಗಿ ತಿನ್ನುವ ತಳಿ, ಸುಣ್ಣದಲ್ಲಿ ಬೇಯಿಸಿದರೆ ಮುದ್ದೆಯಾಗುತ್ತದೆ. ಊರ ಕಡೆ ಮುಸುಕಿನ ಜೋಳ, ಗೋವಿನ ಜೋಳ ಅಂತ ಕರೆಯುವ, ಬೆಳೆದು ಒಣಗಿದ ಗಟ್ಟಿ ಕಾಳೇ ಆಗಬೇಕು. ಗಿರಣಿಯಲ್ಲಿ ಬೀಸಿಸಿದ ಮಾಮೂಲಿ ಮೆಕ್ಕೆಜೋಳದ ಹಿಟ್ಟೂ ಆಗುವುದಿಲ್ಲ. ತಣ್ಣೀರಲ್ಲಿ ಕಲಸಿದರೆ ಅಂಟಿಕೊಳ್ಳುವುದೇ ಇಲ್ಲ, ಬಿರುಕು ಬಿಟ್ಟು ಉದುರುತ್ತದೆ. ಯಾಕೆ ಅನ್ನುವುದೇ ಹಂತ 2ರ ಪಾಠ.

ಹಂತ 1: ಬುಟ್ಟಿಯಿಂದ ತೆಗೆಯುವ ಆಟ (20 ನಿಮಿಷ)

ನಮ್ಮ ಅಡುಗೆಮನೆಯ ಇಪ್ಪತ್ತಕ್ಕೂ ಹೆಚ್ಚು ಪದಾರ್ಥ ಒಂದು ಬುಟ್ಟಿಯಲ್ಲಿ ತುಂಬಿ ತನ್ನಿ. "ಸಾವಿರದ ಮುನ್ನೂರು ವರ್ಷದ ಹಿಂದೆ ಮಾಯಾ ಅಡುಗೆಮನೆಯಲ್ಲಿ ಇದು ಇತ್ತಾ?" ಅಂತ ಒಂದೊಂದೇ ಎತ್ತಿ ಕೇಳಿ. ಮಕ್ಕಳು ಎರಡು ಗುಂಪು ಮಾಡಬೇಕು.

ಇದ್ದವು: ಮೆಕ್ಕೆಜೋಳ, ರಾಜ್ಮಾ, ಸಿಹಿಗುಂಬಳ, ಮೆಣಸಿನಕಾಯಿ, ಟೊಮೆಟೊ, ಬೆಣ್ಣೆಹಣ್ಣು, ಪಪ್ಪಾಯ, ಸೀಬೆ, ಸಪೋಟ, ಸಿಹಿಗೆಣಸು, ಮರಗೆಣಸು, ಕೋಕೋ, ಜೇನು, ಉಪ್ಪು.

ಇಲ್ಲದವು: ಅಕ್ಕಿ, ಗೋಧಿ, ಹಾಲು, ತುಪ್ಪ, ಸಕ್ಕರೆ, ಬೆಲ್ಲ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ನಿಂಬೆ, ಬಾಳೆಹಣ್ಣು, ಕೋಳಿ.

ಕೆಲವು ಬೇಕಂತಲೇ ಮೋಸದ ಪದಾರ್ಥ ಇಡಿ. ಸಿಹಿಗುಂಬಳದ ಪಕ್ಕ ಬೂದುಗುಂಬಳ. ಮೊದಲನೆಯದು ಅಮೆರಿಕದ್ದು, ಎರಡನೆಯದು ಏಷ್ಯಾದ್ದು. ರಾಜ್ಮಾ ಪಕ್ಕ ಅಲಸಂದೆ. ಅಲಸಂದೆ ಆಫ್ರಿಕಾ ಮೂಲದ್ದು. ನಾವು ಪಲ್ಯ ಮಾಡುವ ಬೀನ್ಸ್ ಮಾತ್ರ ರಾಜ್ಮಾದ ಒಡಹುಟ್ಟು, ಎಳೆಯದಾಗಿ ಕಿತ್ತರೆ ತರಕಾರಿ, ಬಲಿತರೆ ಕಾಳು. ಆಲೂಗಡ್ಡೆಗೆ ಹತ್ತರಲ್ಲಿ ಒಂಬತ್ತು ಮಕ್ಕಳು "ಇತ್ತು" ಅನ್ನುತ್ತಾರೆ. ಅದು ಆಂಡೀಸ್ ಕಡೆಯದು. ಮೆಣಸಿನಕಾಯಿ "ನಮ್ಮದು" ಅಂತ ಜಗಳಕ್ಕೇ ನಿಲ್ಲುತ್ತಾರೆ. ಆಗ ಕರಿಮೆಣಸು ತೋರಿಸಿ. ನಮ್ಮ ಹಳೆಯ ಖಾರ ಅದು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೆಣಸಿನಕಾಯಿ ಬಂದದ್ದು ಅವರ ಹಡಗುಗಳ ದಾರಿಯಲ್ಲೇ, ಮೆಣಸಿನ ಹೆಸರು ಹೊತ್ತು ಇಲ್ಲೇ ಉಳಿಯಿತು.

ಸಪೋಟಕ್ಕೆ ಎರಡು ನಿಮಿಷ ಜಾಸ್ತಿ ಕೊಡಿ. ಮಾಯಾ ಕಾಡಿನ ಮರ ಅದು. ಅದರ ಹಾಲನ್ನು ಗಟ್ಟಿ ಮಾಡಿ ಅವರು ಅಗಿಯುತ್ತಿದ್ದರು. ಚ್ಯೂಯಿಂಗ್ ಗಮ್ ಕಾರ್ಖಾನೆಗಳು ಶುರುವಾದದ್ದೂ ಅದೇ ಹಾಲಿನಿಂದ. ತಿಕಾಲ್‌ನ ದೇವಾಲಯಗಳ ಬಾಗಿಲ ತೊಲೆಗಳೂ ಸಪೋಟ ಮರದವೇ. ಅಷ್ಟು ಗಟ್ಟಿ ಮರ, ಸಾವಿರ ವರ್ಷ ದಾಟಿಯೂ ಕೆಲವು ಉಳಿದಿವೆ.

ಹೇಗೆ ಗೊತ್ತು? ಎಲ್ ಸಾಲ್ವಡಾರಿನ ಹೊಯಾ ದೆ ಸೆರೆನ್ ಅನ್ನುವ ಹಳ್ಳಿಯ ಕಥೆ ಹೇಳಿ. 7ನೇ ಶತಮಾನದ ಹೊತ್ತಿಗೆ ಪಕ್ಕದ ಜ್ವಾಲಾಮುಖಿ ಸಿಡಿಯಿತು. ಜನ ಊಟ, ಪಾತ್ರೆ ಎಲ್ಲ ಬಿಟ್ಟು ಓಡಿದರು. ಬೂದಿ ಹಳ್ಳಿಯನ್ನು ಮುಚ್ಚಿಬಿಟ್ಟಿತು. 1976ರಲ್ಲಿ ಅದು ಪತ್ತೆಯಾಯಿತು. ಮಡಕೆಯಲ್ಲಿ ತುಂಬಿಟ್ಟ ಬೀನ್ಸ್ ಕಾಳು, ಮೆಣಸಿನಕಾಯಿ, ಸಾಲುಹಿಡಿದು ನಿಂತ ಮೆಕ್ಕೆಜೋಳ, ಮರಗೆಣಸಿನ ಹೊಲ ಎಲ್ಲ ಬೂದಿಯಡಿ ಸಿಕ್ಕವು. ರಾಜರ ಅರಮನೆ ಅಲ್ಲ, ರೈತರ ಮನೆ. ಮಕ್ಕಳು ಇದನ್ನು ಮರೆಯುವುದಿಲ್ಲ.

ಕನ್ನಡದ ಮಕ್ಕಳಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ, ಇಲ್ಲವಾದರೆ ಅವರ ಅಪ್ಪಂದಿರು ಕೇಳುತ್ತಾರೆ: "ಸೋಮನಾಥಪುರದ ಗುಡಿಯ ಶಿಲ್ಪದಲ್ಲಿ ಮೆಕ್ಕೆಜೋಳದ ತೆನೆ ಇದೆಯಲ್ಲ?" ಆ 13ನೇ ಶತಮಾನದ ಹೊಯ್ಸಳ ಗುಡಿಯಲ್ಲಿ ಕೈಯಲ್ಲಿ ತೆನೆಯಂಥದ್ದನ್ನು ಹಿಡಿದ ಮೂರ್ತಿಗಳಿರುವುದು ನಿಜ. ಅದು ಮೆಕ್ಕೆಜೋಳವೇ ಅಂತ 1980ರ ದಶಕದ ಕೊನೆಗೆ ಕೆಲವು ಸಂಶೋಧಕರು ವಾದಿಸಿದರು. ಬೇರೆಯವರು ಒಪ್ಪಲಿಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು ಅಂದರು. ಕಲ್ಲಿನ ಆಕಾರ ನೋಡಿ ಬೆಳೆ ನಿರ್ಧರಿಸಲಾಗದು, ಕಾಳು ಸಿಗಬೇಕು. ನನ್ನ ಮಟ್ಟಿಗೆ ಹೊಯಾ ದೆ ಸೆರೆನ್ ಮತ್ತು ಸೋಮನಾಥಪುರ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿದರೆ "ಸಾಕ್ಷಿ" ಅಂದರೇನು ಅನ್ನುವ ಪಾಠ ತಾನಾಗೇ ಆಗುತ್ತದೆ.

ಹಂತ 2: ಕಾಳು ಮತ್ತು ಸುಣ್ಣ (ಹಿಂದಿನ ರಾತ್ರಿ ತಯಾರಿ, ತರಗತಿಯಲ್ಲಿ 30 ನಿಮಿಷ)

ಇಡೀ ಕಾರ್ಯಕ್ರಮದ ಜೀವ ಇಲ್ಲಿದೆ. ಬೇರೆ ಯಾವುದಕ್ಕೂ ಸಮಯ ಇಲ್ಲ ಅಂದರೆ ಇದೊಂದನ್ನು ಮಾಡಿ ಸಾಕು.

ಒಣ ಮೆಕ್ಕೆಜೋಳದ ಕಾಳಿಗೆ ಗಟ್ಟಿ ಸಿಪ್ಪೆ ಇರುತ್ತದೆ. ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿದರೆ ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟು ಅಂಟಿಕೊಳ್ಳುವ ಗುಣ ಪಡೆಯುತ್ತದೆ. ಹೀಗೆ ಮಾಡಿದ ಕಾಳಿಗೆ "ನಿಕ್ಸ್ತಮಾಲ್" ಅನ್ನುತ್ತಾರೆ. ಪದ ಆಸ್ಟೆಕ್ಕರ ಭಾಷೆಯದು, ಆದರೆ ಈ ವಿದ್ಯೆ ಆ ಭಾಗದ ಎಲ್ಲ ಜನಕ್ಕೂ ಗೊತ್ತಿತ್ತು. ಮಾಯಾ ಜನ ಸುಣ್ಣದ ಕಲ್ಲು ಸುಟ್ಟು ಸುಣ್ಣ ಮಾಡುತ್ತಿದ್ದರು, ಕೆಲವು ಕಡೆ ಹೊಳೆಯ ಬಸವನಹುಳುವಿನ ಚಿಪ್ಪನ್ನೂ ಸುಡುತ್ತಿದ್ದರು.

ಲಾಭ ಇನ್ನೂ ಒಂದಿದೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಅನ್ನುವ ಬಿ ಜೀವಸತ್ವ ಹಾಗೇ ತಿಂದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸುಣ್ಣ ಅದನ್ನು ಬಿಡಿಸಿಕೊಡುತ್ತದೆ. ಕೊಲಂಬಸ್ ನಂತರ ಯುರೋಪಿಗೆ ಕಾಳು ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಇಟಲಿಯ ಉತ್ತರ ಭಾಗದಲ್ಲಿ, ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಕಪ್ಪಾಗಿ ಒಡೆಯುವ, ಕೊನೆಗೆ ಬುದ್ಧಿಯನ್ನೂ ಕೆಡಿಸುವ ಕಾಯಿಲೆ ಅದು.

ಮಾಡುವ ಕ್ರಮ:

1. ಕಾಳನ್ನು ಸಮ ಎರಡು ಪಾಲು ಮಾಡಿ, ತಲಾ 250 ಗ್ರಾಂ.
2. ಒಂದು ಸ್ಟೀಲ್ ಪಾತ್ರೆಯಲ್ಲಿ 1 ಲೀಟರ್ ನೀರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಒಂದು ಸಣ್ಣ ಚಮಚ ಸುಣ್ಣದ ಪುಡಿ ಹಾಕಿ ಕದಡಿ, ಒಂದು ಪಾಲು ಕಾಳು ಹಾಕಿ. ಇನ್ನೊಂದು ಪಾತ್ರೆಯಲ್ಲಿ ಬರೀ ನೀರು, ಇನ್ನೊಂದು ಪಾಲು ಕಾಳು.
3. ಎರಡನ್ನೂ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿ. ಒಲೆ ಆರಿಸಿ ಮುಚ್ಚಿಡಿ. ರಾತ್ರಿಯಿಡೀ ನೆನೆಯಲಿ.
4. ಬೆಳಿಗ್ಗೆ ಸುಣ್ಣದ ನೀರನ್ನು ನೀವೇ ಬಸಿದು, ಕಾಳು ಒಂದು ಸಲ ತೊಳೆದು ಡಬ್ಬಿಗೆ ಹಾಕಿ. ಬಸಿದ ನೀರು ಒಂದು ಲೋಟ ಬಾಟಲಿಯಲ್ಲಿ ಇಟ್ಟುಕೊಳ್ಳಿ.

ತರಗತಿಯಲ್ಲಿ ಎರಡು ಬಟ್ಟಲು ಇಡಿ. ಬರೀ ನೀರಲ್ಲಿ ಬೆಂದ ಕಾಳನ್ನು ಮಕ್ಕಳು ಬೆರಳಲ್ಲಿ ಉಜ್ಜಲಿ. ಏನೂ ಆಗುವುದಿಲ್ಲ. ಸುಣ್ಣದ ಕಾಳನ್ನು ಉಜ್ಜಿದರೆ ಸಿಪ್ಪೆ ಜಾರಿ ಲೋಳೆಯ ಹಾಗೆ ಬೆರಳಿಗೆ ಅಂಟುತ್ತದೆ, ಒಳಗಿನ ಹಳದಿ ಕಾಳು ನುಣ್ಣಗೆ ಹೊಳೆಯುತ್ತದೆ. ವಾಸನೆಯೂ ಬೇರೆ. ಮಳೆ ಬಿದ್ದ ಗೋಡೆ ಮತ್ತು ಬಿಸಿ ರೊಟ್ಟಿ ಎರಡೂ ಸೇರಿದ ಹಾಗೆ.

ಆಮೇಲೆ ಅರಿಶಿನ. ಬಾಟಲಿಯ ಸುಣ್ಣದ ನೀರಿಗೆ ನೀವು ಒಂದು ಚಿಟಿಕೆ ಅರಿಶಿನ ಹಾಕಿ. ಕಡುಗೆಂಪಾಗುತ್ತದೆ. ಮದುವೆ ಮನೆಯ ಆರತಿ ತಟ್ಟೆಯ ಕೆಂಪು ನೀರು ನೋಡಿದ ಮಗು "ಅಯ್ಯೋ ಇದು ನಂಗೊತ್ತು!" ಅನ್ನುತ್ತದೆ. ಅದೇ ಸುಣ್ಣ, ಅದೇ ಅರಿಶಿನ. ಈಗ ಕಾಳನ್ನು ಮತ್ತೆ ಮತ್ತೆ ತೊಳೆದು ಪ್ರತಿ ಸಲದ ನೀರಿಗೂ ಅರಿಶಿನ ಹಾಕಿ ಲೋಟಗಳನ್ನು ಸಾಲಾಗಿ ಇಡಿ. ಕೆಂಪು ಕಮ್ಮಿಯಾಗುತ್ತಾ ಹಳದಿಗೆ ತಿರುಗುತ್ತದೆ. ತೊಳೆದದ್ದು ಸಾಕಾ ಇಲ್ಲವಾ ಅಂತ ಕಣ್ಣಿಗೇ ಕಾಣುತ್ತದೆ.

ಎಚ್ಚರ: ಸುಣ್ಣದ ಪುಡಿ, ಸುಣ್ಣದ ನೀರು ಎರಡನ್ನೂ ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಹಾರಿದರೆ ಅಪಾಯ. ಗೋಡೆಗೆ ಬಳಿಯುವ ಸುಣ್ಣ ಅಡುಗೆಗೆ ಬೇಡವೇ ಬೇಡ. ಎಲೆ ಅಡಿಕೆಯ ಸುಣ್ಣ ಇದೆಯಲ್ಲ ಅಂತ ಕೇಳುತ್ತಾರೆ. ಹೆಸರಿಗೆ ಅದೇ ವಸ್ತು, ಆದರೆ ಬಣ್ಣ, ಸುವಾಸನೆ ಬೆರೆಸಿದ್ದೂ ಇರುತ್ತದೆ. ಪೊಟ್ಟಣದ ಪುಡಿಯೇ ಕ್ಷೇಮ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡಿ, ಸುಣ್ಣ ಅದನ್ನು ತಿನ್ನುತ್ತದೆ. ನಾನು ಮೊದಲ ಸಲ ಬಳಸಿದ್ದೆ. ಪಾತ್ರೆ ಕಪ್ಪಾಗಿ ಹೋಯಿತು, ಕಾಳು ಚೆಲ್ಲಬೇಕಾಯಿತು.

ಹಂತ 3: ತಮಾಲೆ, ಎಲೆಯಲ್ಲಿ ಬೆಂದ ಹಿಟ್ಟು (ಒಂದೂವರೆ ಗಂಟೆ)

ಟಾರ್ಟಿಯಾ ರೊಟ್ಟಿ ಮಾಡಿಸೋಣ ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ. ಕ್ಲಾಸಿಕ್ ಕಾಲದ ಮಾಯಾ ಊರುಗಳಲ್ಲಿ ರೊಟ್ಟಿ ಹಂಚು ಸಿಗುವುದು ಅಪರೂಪ. ಚಿತ್ರಗಳಲ್ಲಿ ತಟ್ಟೆ ತುಂಬ ಕಾಣುವುದು ತಮಾಲೆ, ಅವರ ಮಾತಲ್ಲಿ "ವಾಹ್". ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಅರಿಶಿನ ಎಲೆಯ ಕಡುಬು ಮಾಡಿದ ಕೈಗೆ ಇದು ಹೊಸದಲ್ಲ. ಆದರೆ "ತಮಾಲೆ ಅಂದರೆ ಅವರ ಕಡುಬು" ಅಂತ ಹೇಳಿ ಮುಗಿಸಬೇಡಿ. ಹಬೆಯ ವಿದ್ಯೆ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿದ್ದು, ನೆಂಟಸ್ತಿಕೆ ಏನಿಲ್ಲ.

1. ರಾಜ್ಮಾ ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಮನೆಯಲ್ಲೇ ಮೆತ್ತಗೆ ಬೇಯಿಸಿ ತನ್ನಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಹಿಗುಂಬಳವನ್ನೂ ಬೇಯಿಸಿ, ಎರಡನ್ನೂ ಉಪ್ಪು ಹಾಕಿ ಹಿಸುಕಿ.
2. ಎರಡು ಕಪ್ ಮಾಸಾ ಹರೀನಾಗೆ ಸುಮಾರು ಒಂದೂವರೆ ಕಪ್ ಬಿಸಿನೀರು, ಉಪ್ಪು. ಕಲಸಿ ಹತ್ತು ನಿಮಿಷ ಬಿಡಿ. ಒತ್ತಿದರೆ ಅಂಚು ಬಿರುಕು ಬಿಡಬಾರದು. ಬಿಟ್ಟರೆ ಒಂದೊಂದೇ ಚಮಚ ನೀರು ಸೇರಿಸಿ. ಸುಮಾರು ಹದಿನೈದು ಸಣ್ಣ ತಮಾಲೆಗೆ ಇಷ್ಟು ಸಾಕು.
3. ತೆನೆಯ ಸಿಪ್ಪೆ ಹಸಿಯದಾದರೆ ಬಿಸಿನೀರಲ್ಲಿ ಅದ್ದಿ, ಒಣಗಿದ್ದಾದರೆ ಅರ್ಧ ಗಂಟೆ ನೆನೆಸಿ.
4. ನಿಂಬೆ ಗಾತ್ರದ ಹಿಟ್ಟನ್ನು ಸಿಪ್ಪೆ ಮೇಲೆ ತಟ್ಟಿ, ನಡುವೆ ಒಂದು ಚಮಚ ಹೂರಣ ಇಟ್ಟು, ಮಡಚಿ, ಸಿಪ್ಪೆಯ ಎಳೆಯಿಂದಲೇ ಕಟ್ಟಿ.
5. ಇಡ್ಲಿ ಪಾತ್ರೆಯಲ್ಲಿ 40 ನಿಮಿಷ. ಸಿಪ್ಪೆ ಬಿಡಿಸಿದಾಗ ಹಿಟ್ಟು ಅಂಟದೆ ಬಂದರೆ ಬೆಂದಿದೆ.

ಇವತ್ತಿನ ತಮಾಲೆಗೆ ಹಂದಿ ಕೊಬ್ಬು ಹಾಕಿ ಮೆತ್ತಗೆ ಮಾಡುತ್ತಾರೆ. ಹಂದಿ ಬಂದದ್ದು ಸ್ಪೇನಿನವರ ಜೊತೆ. ಹಾಗಾಗಿ ನಿಮ್ಮದು ಸ್ವಲ್ಪ ಗಟ್ಟಿ, ಸಪ್ಪೆ. ಮೊದಲೇ ಹೇಳಿಬಿಡಿ. ಒಣಮೆಣಸಿನಕಾಯಿ ಟೊಮೆಟೊ ಸುಟ್ಟು ಅರೆದ ಚಟ್ನಿ ಪಕ್ಕದಲ್ಲಿದ್ದರೆ ಎಲ್ಲ ಖಾಲಿಯಾಗುತ್ತದೆ. ಬಾಳೆ ಎಲೆಯಲ್ಲಿ ಸುತ್ತಬೇಡಿ. ಈಗ ಅಲ್ಲಿ ಸುತ್ತುತ್ತಾರೆ, ಆಗ ಬಾಳೆ ಅಲ್ಲಿರಲಿಲ್ಲ.

ಬೇಯುವ 40 ನಿಮಿಷ ಮಕ್ಕಳನ್ನು ಹಿಡಿದಿಡಲು ಕಲಾಕ್ಮುಲ್ ಚಿತ್ರಗಳು ಇವೆ. 2004ರಲ್ಲಿ ಅಲ್ಲಿನ ಒಂದು ಕಟ್ಟಡದ ಒಳಪದರದ ಗೋಡೆಯಲ್ಲಿ 7ನೇ ಶತಮಾನದ ವರ್ಣಚಿತ್ರಗಳು ಸಿಕ್ಕವು. ರಾಜರಿಲ್ಲ, ಯುದ್ಧ ಇಲ್ಲ. ತಿನ್ನುವವರು, ಬಡಿಸುವವರು. ಪಕ್ಕದಲ್ಲಿ ಹೆಸರಿನ ಪಟ್ಟಿ ಬೇರೆ: "ತಮಾಲೆಯವರು", "ಉಪ್ಪಿನವರು", "ಅಂಬಲಿಯವರು". ಮೆಕ್ಕೆಜೋಳದ ಅಂಬಲಿಗೆ ಅವರು "ಉಲ್" ಅನ್ನುತ್ತಿದ್ದರು. ತೆಳು ನೀಲಿ ಉಡುಪಿನ ಒಬ್ಬಳು ದೊಡ್ಡ ಮಡಕೆಯನ್ನು ಇನ್ನೊಬ್ಬಳ ತಲೆಗೆ ಎತ್ತಲು ಕೈ ಹಾಕಿದ್ದಾಳೆ. ಆ ಚಿತ್ರ ತೋರಿಸಿ, ನಿಮ್ಮ ಶಾಲೆಯ ಕ್ಯಾಂಟೀನನ್ನು ಇದೇ ಥರ ಬರೆಯಿರಿ ಅನ್ನಿ. ಇಡ್ಲಿಯವರು, ಚಹಾದವರು, ಸಮೋಸಾದವರು.

ಇದೇ ಹೊತ್ತಿಗೆ ಕಥೆಯನ್ನೂ ಹೇಳಬಹುದು. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪೊಪೊಲ್ ವುಹ್ ಅನ್ನುವ ಪುರಾಣದ ಪ್ರಕಾರ ದೇವತೆಗಳು ಮೊದಲು ಮಣ್ಣಿನಿಂದ ಮನುಷ್ಯರನ್ನು ಮಾಡಿದರು, ಕರಗಿಹೋದರು. ಮರದಿಂದ ಮಾಡಿದರು, ಅವರಿಗೆ ನೆನಪೇ ಇರಲಿಲ್ಲ. ಕೊನೆಗೆ ಹಳದಿ ಮತ್ತು ಬಿಳಿ ಮೆಕ್ಕೆಜೋಳ ಅರೆದು ಮಾಡಿದರು. ಅದು ನಿಂತಿತು.

ಹಂತ 4: ನೊರೆಯ ಕೋಕೋ (30 ನಿಮಿಷ)

ಸಿಹಿ ಚಾಕೊಲೇಟ್ ಬಾರ್ ಹಂಚಬೇಡಿ. ಮಾಯಾ ಜನ ಕೋಕೋವನ್ನು ಕುಡಿಯುತ್ತಿದ್ದರು, ಸಕ್ಕರೆ ಇಲ್ಲದೆ. ಗ್ವಾಟೆಮಾಲಾದ ರಿಯೊ ಅಸುಲ್‌ನ ಒಂದು ಸಮಾಧಿಯಲ್ಲಿ 1984ರಲ್ಲಿ ತಿರುಗಿಸಿ ಮುಚ್ಚುವ ಮುಚ್ಚಳದ ಮಡಕೆ ಸಿಕ್ಕಿತು, 5ನೇ ಶತಮಾನದ್ದು. ಅದರ ಮೇಲೆ "ಕಕಾವ್", ಅಂದರೆ ಕೋಕೋ ಅಂತ ಬರೆದಿದೆ. ತಳದ ಮಡ್ಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಕೋಕೋದ ಅಂಶವೇ ಸಿಕ್ಕಿತು. ಬರಹವನ್ನು ಮಡ್ಡಿಯೇ ನಿಜ ಮಾಡಿತು ಅಂದಹಾಗಾಯಿತು.

ಒಂದು ಲೀಟರ್ ಉಗುರುಬೆಚ್ಚಗಿನ ನೀರು, ನಾಲ್ಕು ದೊಡ್ಡ ಚಮಚ ಕೋಕೋ, ಎರಡು ಚಮಚ ಮಾಸಾ ಹರೀನಾ, ಚೂರು ಒಣಮೆಣಸಿನಕಾಯಿ ಪುಡಿ. ಕೋಕೋ ಮತ್ತು ಹಿಟ್ಟನ್ನು ಸ್ವಲ್ಪ ತಣ್ಣೀರಲ್ಲಿ ಕದಡಿ, ಆ ಒಂದು ಲೀಟರ್ ನೀರಿಗೆ ಸೇರಿಸಿ ಕುದಿಸಿ, ಉಗುರುಬೆಚ್ಚಗಾಗುವಷ್ಟು ಆರಿಸಿ. ಆಮೇಲೆ ಎರಡು ಚೊಂಬು ತೆಗೆದುಕೊಂಡು ಎತ್ತರದಿಂದ ಒಂದರಿಂದ ಇನ್ನೊಂದಕ್ಕೆ ಸುರಿಯಿರಿ. ಹೋಟೆಲಿನಲ್ಲಿ ಕಾಫಿ ಎತ್ತಿ ಹುಯ್ಯುತ್ತಾರಲ್ಲ, ಹಾಗೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿರುವ 8ನೇ ಶತಮಾನದ ಹೊತ್ತಿನ ಒಂದು ಮಾಯಾ ಹೂಜಿಯ ಚಿತ್ರದಲ್ಲಿ ಒಬ್ಬ ಹೆಂಗಸು ಹೀಗೇ ನಿಂತು ಸುರಿಯುತ್ತಿದ್ದಾಳೆ. ನೊರೆಯೇ ಅದರ ಗಮ್ಮತ್ತು. ಮರದ ಕಡೆಗೋಲಿನಲ್ಲಿ ಕಡೆಯುವ ಪದ್ಧತಿ ಬಂದದ್ದು ಸ್ಪೇನಿನವರ ಕಾಲಕ್ಕೆ, ಆದ್ದರಿಂದ ಕಡೆಗೋಲು ಬೇಡ.

ಒಬ್ಬರಿಗೆ ಅರ್ಧ ಲೋಟಕ್ಕಿಂತ ಜಾಸ್ತಿ ಬೇಡ. ಮೊದಲ ಗುಟುಕು ಜೇನಿಲ್ಲದೆ, ಎರಡನೆಯದು ಜೇನು ಹಾಕಿ. ಮಾಯಾ ಜನ ಸಾಕುತ್ತಿದ್ದದ್ದು ಕೊಂಡಿಯಿಲ್ಲದ ಜೇನುನೊಣ, ಟೊಳ್ಳು ಮರದ ತುಂಡಿನಲ್ಲಿ. ಕರಾವಳಿಯ ಮಕ್ಕಳಿಗೆ ಮುಜಂಟಿ ಜೇನು ಅಂದರೆ ತಕ್ಷಣ ಅರ್ಥವಾಗುತ್ತದೆ. ಜಾತಿ ಬೇರೆ, ಕುಟುಂಬ ಒಂದೇ. ಪುತ್ತೂರು, ಸುಳ್ಯ ಕಡೆ ನೆಂಟರಿದ್ದರೆ ಅಡಿಕೆ ತೋಟದಿಂದ ಒಂದು ಕೋಕೋ ಕಾಯಿ ತರಿಸಿಕೊಳ್ಳಿ. ಕಾಂಡಕ್ಕೇ ಅಂಟಿಕೊಂಡು ಬಿಡುವ ಆ ಕಾಯಿ ಒಡೆದು ಒಳಗಿನ ಬಿಳಿ ತಿರುಳು ತೋರಿಸಿದರೆ ಇಡೀ ಕ್ಲಾಸು ಮೇಜಿನ ಸುತ್ತ ಮುತ್ತಿಕೊಳ್ಳುತ್ತದೆ.

ಹಂತ 5: ಲೆಕ್ಕ (15 ನಿಮಿಷ)

ಅಡುಗೆ ಚೀಟಿಯನ್ನು ಮಾಯಾ ಅಂಕಿಯಲ್ಲಿ ಬರೆಸಿ. ಚುಕ್ಕೆ ಅಂದರೆ 1, ಅಡ್ಡಗೆರೆ ಅಂದರೆ 5, ಚಿಪ್ಪು ಅಂದರೆ ಸೊನ್ನೆ. 13 ಅಂದರೆ ಎರಡು ಗೆರೆ, ಅವುಗಳ ಮೇಲೆ ಮೂರು ಚುಕ್ಕೆ. ಅವರದು 20ರ ಲೆಕ್ಕ. ಹಾಗಾಗಿ 20 ಅಂದರೆ ಮೇಲೆ ಒಂದು ಚುಕ್ಕೆ, ಕೆಳಗೆ ಚಿಪ್ಪು. 40 ನಿಮಿಷ ಅಂತ ಬರೆಯಲು ಮೇಲೆ ಎರಡು ಚುಕ್ಕೆ, ಕೆಳಗೆ ಚಿಪ್ಪು. ಯಾಕೆ 20? ಕೈಕಾಲು ಬೆರಳು ಎಣಿಸಿ ನೋಡಿ. ಕಿಚೆ ಭಾಷೆಯಲ್ಲಿ 20ಕ್ಕೆ ಹೇಳುವ ಪದದ ಅರ್ಥವೇ "ಒಬ್ಬ ಮನುಷ್ಯ". ಎಣಿಸಲು ಹಸಿ ರಾಜ್ಮಾ ಕೊಟ್ಟರೆ ಯಾರೂ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಹಂತ 6: "ಅವರೆಲ್ಲ ಈಗ ಎಲ್ಲಿ?"

ಇದನ್ನು ಬಿಟ್ಟರೆ ಮಕ್ಕಳು ಮಾಯಾ ಜನ ಮಾಯವಾದರು ಅಂತಲೇ ತಿಳಿಯುತ್ತಾರೆ. ನಮ್ಮ ಭಾಷೆಯಲ್ಲಿ ಹೆಸರೂ ಹಾಗೇ ಕೇಳುತ್ತದೆ, ಅಲ್ವಾ? ತಗ್ಗು ನಾಡಿನ ದಕ್ಷಿಣದ ನಗರಗಳು 9ನೇ ಶತಮಾನದಲ್ಲಿ ಬರಿದಾದವು, ಜನ ಅಲ್ಲ. ಇವತ್ತಿಗೂ ಲಕ್ಷಾಂತರ ಜನ ಮಾಯಾ ಭಾಷೆಗಳನ್ನಾಡುತ್ತಾರೆ. ಭಾಷೆಗಳೇ ಸುಮಾರು ಮೂವತ್ತು. 1992ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಗ್ವಾಟೆಮಾಲಾದ ಕಿಚೆ ಮಾಯಾ ಹೆಂಗಸು. ಹಾಗಾಗಿ ಮಕ್ಕಳಿಗೆ ಗರಿ ಕಟ್ಟಿ, ಮುಖಕ್ಕೆ ಬಣ್ಣ ಬಳಿದು "ಮಾಯಾ ವೇಷ" ಹಾಕಿಸಬೇಡಿ. ಇರುವ ಜನರ ವೇಷ ಹಾಕುವುದು ತಮಾಷೆಯಲ್ಲ.

ಮುಗಿದ ಮೇಲೆ

ಸುಣ್ಣದ ನೀರನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ, ಬಚ್ಚಲಿಗೆ ಹಾಕಿ ಜೊತೆಗೆ ಎರಡು ಬಕೆಟ್ ನೀರು ಬಿಡಿ. ಅರಿಶಿನದ ಲೋಟಗಳನ್ನು ಆಗಲೇ ತೊಳೆಯಿರಿ, ಪ್ಲಾಸ್ಟಿಕ್ ಆದರೆ ಕಲೆ ಹೋಗುವುದಿಲ್ಲ. ಮಕ್ಕಳು ಮುಟ್ಟಿದ ಕಾಳು ಗೊಬ್ಬರಕ್ಕೆ. ಮುಟ್ಟದೆ ಉಳಿದ ಸುಣ್ಣದ ಕಾಳನ್ನು ಚೆನ್ನಾಗಿ ತೊಳೆದು ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಕೆಡುವುದಿಲ್ಲ. ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ, ಉಪ್ಪು ಖಾರ ಹಾಕಿ ಸಂಜೆಗೆ ತಿನ್ನಿ. ಒಗ್ಗರಣೆ ಕೊಡುವುದಾದರೆ ಕೊಡಿ, ಪಾಠ ಮುಗಿದಿದೆ.